ದಾಸಣ್ಣನ ಡ್ರಮ್ಮಿನ ಬ್ರಾಕೆಟ್ಟು

ಮಧುಗಿರಿಯ ಬ್ಯಾಂಡ್ ಸೆಟ್ಟಿನಲ್ಲಿ ಡ್ರಮ್ ಬಾರಿಸುತ್ತಿದ್ದ ದಾಸಣ್ಣ ಹುಟ್ಟಿದ್ದು ದೊಡ್ಡೇರಿ ಕಡೆಯ ಒಂದು ಗೊಲ್ಲರಹಟ್ಟಿಯಲ್ಲಿ. ಹಿಂಡಿನಲ್ಲಿ ತಮ್ಮ ಮನೆಯ ಕುರಿಮರಿ ಯಾವುದು, ಪಕ್ಕದವರದು ಯಾವುದು ಎಂದು ದೂರದಿಂದಲೇ ಹೇಳುತ್ತಿದ್ದ ಕಣ್ಣು ಅವನದು. ಕುರಿ ಬಿಟ್ಟು ಬ್ಯಾಂಡಿಗೆ ಸೇರಿದ ಮೇಲೆ ಆ ಕಣ್ಣು ನಟ್ಟು ಬೋಲ್ಟುಗಳ ಮೇಲೆ ಬಿತ್ತು.

ಎಪ್ಪತ್ತೆರಡರಲ್ಲಿ ಬೆಂಗಳೂರಿನ ಯಾವುದೋ ಕ್ಲಬ್ಬು ಮುಚ್ಚಿದಾಗ, ಅಲ್ಲಿದ್ದ ಹಳೆಯ ಡ್ರಮ್ ಸೆಟ್ಟನ್ನು ದಾಸಣ್ಣನೂ ಕ್ಲಾರಿನೆಟ್ ಊದುವ ಸಣ್ಣರಂಗಯ್ಯನೂ ಹೋಗಿ ಬಸ್ಸಿನ ಮೇಲೆ ಹೇರಿಕೊಂಡು ತಂದರು. ಇಂಗ್ಲೆಂಡಿನ ಮಾಲು. ಮೈಗೆ ಸುತ್ತಿದ್ದ ಮುತ್ತಿನ ಬಣ್ಣದ ಹಾಳೆ ಬಿಸಿಲಿಗೆ ಹಳದಿಯಾಗಿತ್ತು. ದೊಡ್ಡ ಡ್ರಮ್ಮಿನ ನೆತ್ತಿಯ ಮೇಲೆ ಸಣ್ಣ ಡ್ರಮ್ಮನ್ನು ಹೊತ್ತು ನಿಲ್ಲುವ ಒಂದು ಬ್ರಾಕೆಟ್ಟು ಇತ್ತು. ಅದು ಫಳಫಳ ಹೊಳೆಯುತ್ತಿತ್ತು.

ಆ ಸೆಟ್ಟಿನಿಂದಲೇ ದಾಸಣ್ಣ ಕೆಲಸ ಕಲಿತ. ಎರಡು ಬ್ರಾಕೆಟ್ಟು ನೋಡಲು ಒಂದೇ ತರಹ ಇದ್ದರೂ ತೂತಿನಿಂದ ತೂತಿಗೆ ಇರುವ ಅಂತರ ಕಂಪನಿಯಿಂದ ಕಂಪನಿಗೆ ಬೇರೆ. ಇಂಗ್ಲೆಂಡಿನ ಬೋಲ್ಟಿಗೆ ಜಪಾನಿನ ನಟ್ಟು ಹಾಕಿದರೆ ಒಂದೆರಡು ಸುತ್ತು ಹೋಗಿ ಕಚ್ಚಿಕೊಂಡು ನಿಲ್ಲುತ್ತದೆ. ಮೀರತ್ತಿನ ಮಾಲಿಗೆ ತೂಕ ಕಡಿಮೆ, ಅಂಚು ಒರಟು. ತುಮಕೂರು, ಹಿಂದೂಪುರದ ಬ್ಯಾಂಡಿನವರೂ ಮುರಿದ ತುಂಡನ್ನು ತಂದು, "ದಾಸಣ್ಣ, ಇದಕ್ಕೆ ಜೋಡಿ ಯಾವ್ದು ನೋಡು" ಎನ್ನುತ್ತಿದ್ದರು. ಅವನು ಅಂಗೈಯಲ್ಲಿ ತೂಗಿ, ಉಗುರಿನಿಂದ ತೂತು ಸವರಿ ಹೇಳುತ್ತಿದ್ದ. ಹೆಚ್ಚು ಪಾಲು ಸರಿಯಿರುತ್ತಿತ್ತು.

ಎಪ್ಪತ್ತೈದರ ಬೇಸಿಗೆಯಲ್ಲಿ ಪಾವಗಡದ ಬಲಸಮುದ್ರಕ್ಕೆ ಒಂದು ಮದುವೆಗೆ ಹೋಗಿ ಬಂದರು. ಡ್ರಮ್ಮುಗಳನ್ನು ಎಂದಿನಂತೆ ಹಳೆಯ ಗೋಣಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಕಟ್ಟಿದ್ದರು. ಮಧುಗಿರಿಗೆ ಬಂದು ಗೋಣಿ ಬಿಚ್ಚದೆಯೇ ಸಾಮಾನಿನ ಕೋಣೆಯಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ ಎರಡೇ ಇದ್ದವು, ಒಂದು ದಾಸಣ್ಣನದು, ಇನ್ನೊಂದು ಸಣ್ಣರಂಗಯ್ಯನದು. ಮುಂದಿನ ಮದುವೆಗೆಂದು ಗೋಣಿ ತೆಗೆದಾಗ ದೊಡ್ಡ ಡ್ರಮ್ಮಿನ ನೆತ್ತಿ ಬೋಳಾಗಿತ್ತು. ಬ್ರಾಕೆಟ್ಟು ಇರಲಿಲ್ಲ, ಬೋಲ್ಟೂ ಇರಲಿಲ್ಲ. ಬರೀ ತೂತುಗಳು ಉಳಿದಿದ್ದವು.

ದಾಸಣ್ಣ ಮೊದಲು ಬಲಸಮುದ್ರಕ್ಕೇ ಹೋಗಿ ಕೇಳಿದ. ಮದುವೆ ಮನೆಯ ಯಜಮಾನನಿಗೆ ಮುಖ ಕೆಂಪಾಯಿತು. "ಏಮಣ್ಣಾ, ಮಾ ಇಂಟ್ಲೋ ದೊಂಗ್ಲುನ್ನಾರಾ? ನಮ್ ಮನೇಲಿ ಕಳ್ರಾ? ಕಳ್ರು ನಿನ್ ಮಗ್ಲಲ್ಲೇ ಇರ್ಬೋದು, ನೋಡ್ಕೋ ಹೋಗು" ಎಂದ.

ಆ ಮಾತು ದಾಸಣ್ಣನ ತಲೆಗೆ ಹೊಕ್ಕಿತು. ಆ ಬ್ರಾಕೆಟ್ಟಿನ ನಾಲ್ಕು ನಟ್ಟುಗಳು ಇದ್ದದ್ದು ಡ್ರಮ್ಮಿನ ಒಳಗೆ. ಚರ್ಮ ಬಿಚ್ಚಿ ಕೈ ಹಾಕದೆ ಅದನ್ನು ತೆಗೆಯಲು ಆಗದು. ಬಿಚ್ಚಿ ಮತ್ತೆ ಅದೇ ಬಿಗಿಗೆ ಕಟ್ಟಬೇಕಾದರೆ ಡ್ರಮ್ಮು ಬಲ್ಲವನೇ ಆಗಿರಬೇಕು, ಪುರುಸೊತ್ತೂ ಇರಬೇಕು. ಬೀಗದ ಕೈ ಇದ್ದವನು ಯಾರು? ಸ್ವಂತ ಬ್ಯಾಂಡ್ ಪಾರ್ಟಿ ಕಟ್ಟಬೇಕು ಎಂದು ಹಿಂದೊಮ್ಮೆ ಆಡಿದವನು ಯಾರು?

ಅವನು ಬಾಯಿಬಿಟ್ಟು ಏನೂ ಕೇಳಲಿಲ್ಲ. ಬೀಗ ಬದಲಾಯಿಸಿದ, ಎರಡನೆಯ ಕೈ ಯಾರಿಗೂ ಕೊಡಲಿಲ್ಲ. ಉಳಿದ ನಟ್ಟುಗಳ ಮೇಲೆಲ್ಲ ಕೆಂಪು ಬಣ್ಣದ ಚುಕ್ಕೆ ಇಟ್ಟ. ಪ್ರತಿ ಮದುವೆಯಲ್ಲೂ ಬಾರಿಸುವ ಮೊದಲು ಎಲ್ಲರ ಎದುರಿಗೇ ಒಂದೊಂದು ನಟ್ಟನ್ನೂ ಬೆರಳಿನಿಂದ ಮುಟ್ಟಿ ನೋಡುತ್ತಿದ್ದ. ಬ್ರಾಕೆಟ್ಟಿಲ್ಲದ ಸಣ್ಣ ಡ್ರಮ್ಮನ್ನು ಇಡಲು ಮರದ ಗಿಡ್ಡ ಸ್ಟೂಲೊಂದನ್ನು ಮಾಡಿಸಿದ. ಬಗ್ಗಿ ಬಾರಿಸಿ ಬಾರಿಸಿ ಸೊಂಟ ಹಿಡಿಯಿತು. ಸೊಂಟ ನೊಂದಾಗಲೆಲ್ಲ ಸಣ್ಣರಂಗಯ್ಯನ ಕಡೆಗೆ ನೋಡುತ್ತಿದ್ದ.

"ಅವನು ತಗಂಡಿದ್ನ ನೀನು ಕಂಡ್ಯಾ?" ಎಂದು ಹೆಂಡತಿ ಹೊನ್ನಕ್ಕ ಕೇಳುತ್ತಿದ್ದಳು.

"ಕಂಡಿಲ್ಲ. ಕಾಣ್ದಂಗೆ ತಗಳಾಕೆ ಅವ್ನಿಗೆ ಬರ್ತೈತೆ."

"ಹಿಂಗೇ ನೋಡ್ತಾ ಇದ್ರೆ ಯಾರ್ನ ನೋಡಿದ್ರೂ ಕಳ್ಳನಂಗೇ ಕಾಣ್ತಾರೆ ಬುಡು."

ಹಾಗೇ ಮೂರು ಮದುವೆ ಕಾಲ ಕಳೆಯಿತು. ಒಂದು ದಿನ ಸಣ್ಣರಂಗಯ್ಯ ಕ್ಲಾರಿನೆಟ್ಟನ್ನು ಪೆಟ್ಟಿಗೆಗೆ ಹಾಕಿ ಎದ್ದುನಿಂತ. "ದಾಸಣ್ಣ, ನಾನು ಒಳೀಕೆ ಬಂದ್ರೆ ನಿನ್ ಕೈ ನಟ್ಟಿಗೆ ಹೋಗ್ತೈತೆ. ಇನ್ ಆಗಾಕಿಲ್ಲ ಕಣಣ್ಣ" ಎಂದು ಹೇಳಿ, ಕೊರಟಗೆರೆಯ ಪಾರ್ಟಿಯೊಂದಕ್ಕೆ ಸೇರಿಕೊಂಡ. ತಪ್ಪಿಲ್ಲದವನಾದರೆ ಯಾಕೆ ಹೋಗುತ್ತಿದ್ದ ಎಂದು ದಾಸಣ್ಣನ ಅನುಮಾನ ಇನ್ನೂ ಗಟ್ಟಿಯಾಯಿತು.

ಎಪ್ಪತ್ತೊಂಬತ್ತರಲ್ಲಿ ಸಿರಾದ ಗುಜರಿ ಅಂಗಡಿಯಲ್ಲಿ ಅವನು ಆ ಬ್ರಾಕೆಟ್ಟನ್ನು ಕಂಡ. ಹಳೆಯ ಸೈಕಲ್ ಪೆಡಲುಗಳ ನಡುವೆ ಬಿದ್ದಿತ್ತು. ಅದೇ ಹೊಳಪು, ಅದೇ ದುಂಡು ತಲೆ. ಅಂಗಡಿಯ ಪ್ಯಾರೇಜಾನ್ ಸಾಬರನ್ನು ಕೇಳಿದ.

"ನಿಮ್ ಪಾರ್ಟೀಲಿ ಕ್ಲಾರಿನೆಟ್ ಊದ್ತಿದ್ರಲ್ಲ ಭಾಯಿ, ಉದ್ದಕೆ ಇದ್ರು, ಅವ್ರೇ ಕೊಟ್ಟೋದ್ರು. ಮನೇಲಿ ಇಟ್ಕೊಳ್ಳಾಕೆ ಆಗಲ್ಲ ಅಂದ್ರು."

ಮನೆಯಲ್ಲಿ ಇಟ್ಟುಕೊಳ್ಳಲು ಆಗದು! ಕದ್ದ ಮಾಲನ್ನು ಯಾರು ಇಟ್ಟುಕೊಳ್ಳುತ್ತಾರೆ? ಯಾವ ತುಂಡು ಕಂಡರೂ ತೂಗಿ ನೋಡುವ ದಾಸಣ್ಣ ಅಂದು ತೂಗಲಿಲ್ಲ, ತೂತನ್ನು ಸವರಲಿಲ್ಲ. ಪಂಚೆಯ ತುದಿಗೆ ಕಟ್ಟಿಕೊಂಡು ಬಸ್ಸು ಹತ್ತಿದ. ಇದನ್ನು ಡ್ರಮ್ಮಿಗೆ ಕೂರಿಸಿ, ಆ ಡ್ರಮ್ಮನ್ನೇ ಕೊರಟಗೆರೆಗೆ ಹೊತ್ತೊಯ್ದು ನಾಲ್ಕು ಜನರೆದುರು ತೋರಿಸುತ್ತೇನೆ ಎಂದು ದಾರಿಯುದ್ದಕ್ಕೂ ಹಲ್ಲು ಕಡಿದ.

ಮನೆಗೆ ಬಂದವನೇ ಬ್ರಾಕೆಟ್ಟನ್ನು ಡ್ರಮ್ಮಿನ ನೆತ್ತಿಗೆ ಹಿಡಿದ. ಅದು ಕೂರಲಿಲ್ಲ. ಒಂದು ತೂತು ಸೇರಿದರೆ ಇನ್ನೊಂದು ಬೆರಳಗಲ ಆಚೆ. ತಿರುಗಿಸಿ ಹಿಡಿದ, ಆಗಲೂ ಇಲ್ಲ. ಆಗ ಅವನು ಡ್ರಮ್ಮಿನ ಮೈಯನ್ನು ಸರಿಯಾಗಿ ನೋಡಿದ. ಸುತ್ತಲ ಹಾಳೆಯೆಲ್ಲ ಹಳದಿಯಾಗಿದ್ದರೂ ಬ್ರಾಕೆಟ್ಟು ಕೂತಿದ್ದ ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು. ಬಿಸಿಲು ಕಾಣದ ಆ ಜಾಗ ವೀಳ್ಯದೆಲೆಯ ಆಕಾರದಲ್ಲಿತ್ತು. ಅವನ ಕೈಯಲ್ಲಿದ್ದುದರ ಬುಡ ಚೌಕ.

"ಇದು ನಮ್ದಲ್ಲ" ಎಂದ.

"ಮತ್ತೆ ನಮ್ದು ಎತ್ಲಾಗೆ ಹೋಯ್ತು? ಒಳ್ಗಾದ್ರೂ ನೋಡಿದ್ದೀಯಾ?" ಎಂದಳು ಹೊನ್ನಕ್ಕ.

ಅವನು ನೋಡಿರಲಿಲ್ಲ. ಹಳೆಯ ಚರ್ಮ ಬಿಚ್ಚಿದರೆ ಹರಿದೀತೆಂಬ ಭಯ ಒಂದು. ಕದ್ದವನು ಯಾರೆಂದು ಗೊತ್ತಿದ್ದ ಮೇಲೆ ಒಳಗೆ ನೋಡುವುದೇನು ಎಂಬ ಹಟ ಇನ್ನೊಂದು. ಈಗ ಬಿಚ್ಚಿದ. ಸದ್ದು ತಗ್ಗಲೆಂದು ಒಳಗೆ ತುರುಕಿದ್ದ ಹೊನ್ನಕ್ಕನ ಹಳೆಯ ಸೀರೆಯನ್ನು ಎಳೆದು ಕೊಡವಿದಾಗ ಟಣ್ ಟಣ್ ಎಂದು ನೆಲಕ್ಕೆ ನಟ್ಟುಗಳು ಉರುಳಿದವು. ನಾಲ್ಕೂ ಅಲ್ಲೇ ಇದ್ದವು. ಸೀರೆಯ ಮಡಿಕೆಯಲ್ಲಿ ಇದ್ದುದರಿಂದ ಒಂದು ದಿನವೂ ಸದ್ದು ಮಾಡಿರಲಿಲ್ಲ.

ಯಾರೂ ಚರ್ಮ ಬಿಚ್ಚಿರಲಿಲ್ಲ. ಬಾರಿಸಿದ ಅದುರಿಗೆ ತಾವೇ ಸಡಿಲಗೊಂಡ ನಟ್ಟುಗಳು ಬಸ್ಸಿನ ಕುಲುಕಾಟಕ್ಕೆ ಒಳಗೆ ಬಿದ್ದಿದ್ದವು. ಮೇಲಿನ ಬ್ರಾಕೆಟ್ಟು ಬೋಲ್ಟಿನ ಸಮೇತ, ಹರಿದ ಗೋಣಿಯಿಂದ ಜಾರಿ, ಪಾವಗಡದ ರಸ್ತೆಯ ಯಾವುದೋ ಹಳ್ಳದಲ್ಲಿ ಉದುರಿತ್ತು.

ದಾಸಣ್ಣನಿಗೆ ಅಂದು ಊಟ ಸೇರಲಿಲ್ಲ. ಬೆಳಗಾಗುತ್ತಲೇ ಕೊರಟಗೆರೆಗೆ ಹೋದ. ಸಣ್ಣರಂಗಯ್ಯ ಅಂಗಳದಲ್ಲಿ ಕೂತು ಕ್ಲಾರಿನೆಟ್ ಒರೆಸುತ್ತಿದ್ದ. ಇವನನ್ನು ಕಂಡು ಏಳಲಿಲ್ಲ.

"ಏನಣ್ಣ, ಮನೆ ಹುಡ್ಕಾಕೆ ಬಂದ್ಯಾ? ಹುಡ್ಕು."

ದಾಸಣ್ಣ ಚೌಕದ ಬ್ರಾಕೆಟ್ಟನ್ನು ಅವನ ಮುಂದಿಟ್ಟ. "ಇದ್ನ ಎಲ್ಲಿಂದ ತಂದೆ ರಂಗಯ್ಯ?"

"ಶಿವಾಜಿನಗರದ ಗುಜರೀಲಿ ಹುಡುಕ್ದೆ. ನೋಡಾಕೆ ಅದೇ ಥರ ಇತ್ತು. ನಿಂಗೆ ತಂದ್ಕೊಡಾನ ಅಂತ ತಂದೆ."

"ತಂದೋನು ಯಾಕ್ ಕೊಡ್ಲಿಲ್ಲ?"

ಸಣ್ಣರಂಗಯ್ಯ ಮೊದಲ ಸಲ ತಲೆಯೆತ್ತಿ ಅವನ ಮುಖ ನೋಡಿದ. "ಕೊಟ್ಟಿದ್ರೆ ಏನಂತಿದ್ದೆ ಹೇಳು. ನೋಡ್ರಪ್ಪಾ, ಕದ್ದೋನು ಎದ್ರುಕೊಂಡು ತಂದ್ಕೊಟ್ಟ ಅಂತಿರ್ಲಿಲ್ವಾ? ಮನೇಲಿಟ್ರೆ ನೀನು ಯಾವತ್ತಾದ್ರೂ ನೋಡೀಯ ಅನ್ನೋ ಭಯ. ಅದ್ಕೇ ಸಿರಾದಾಗೆ ಬಿಸಾಕಿ ಬಂದೆ."

ಹೌದು, ದಾಸಣ್ಣ ಹಾಗೆಯೇ ಅನ್ನುತ್ತಿದ್ದ. ಜೇಬಿನಿಂದ ನಟ್ಟುಗಳನ್ನು ತೆಗೆದು ಜಗಲಿಯ ಮೇಲಿಟ್ಟು, ಸೀರೆಯೊಳಗೆ ಸಿಕ್ಕಿದ್ದನ್ನು ಹೇಳಿದ. ಒಳಗಿನಿಂದ ಸಣ್ಣರಂಗಯ್ಯನ ಹೆಂಡತಿ ದಾಸಮ್ಮ ಮಜ್ಜಿಗೆ ತಂದಿಟ್ಟಳು. ಅದನ್ನು ಕುಡಿಯುತ್ತ ಕುಡಿಯುತ್ತ ದಾಸಣ್ಣ ಅತ್ತುಬಿಟ್ಟ.

"ವಾಪಸ್ ಬಂದ್ಬುಡು ಕಣ್ಲಾ" ಎಂದ.

"ಬರ್ತೀನಿ. ಆದ್ರೆ ನಿನ್ ಡ್ರಮ್ಮು ಮಾತ್ರ ನಾನು ಮುಟ್ಟಾಕಿಲ್ಲ. ಅದು ಬಸ್ಸಿಂದ ಬಿದ್ರೂ ಮುಟ್ಟಾಕಿಲ್ಲ. ಒಪ್ಕಂಡ್ರೆ ಬರ್ತೀನಿ."

ದಾಸಣ್ಣ ಒಪ್ಪಿದ. ಸಿರಾದ ಲೇತ್ ಕೆಲಸದ ಓಬಳಯ್ಯನಿಗೆ ಆ ಬೆಳ್ಳನೆಯ ಗುರುತನ್ನೇ ತೋರಿಸಿ, ಅದೇ ಆಕಾರಕ್ಕೆ ಹಿತ್ತಾಳೆಯ ಬ್ರಾಕೆಟ್ಟು ಮಾಡಿಸಿಕೊಂಡ. ಹೊಳಪು ಅಷ್ಟಿರಲಿಲ್ಲ, ಆದರೆ ಸಣ್ಣ ಡ್ರಮ್ಮು ಅಲುಗದೆ ನಿಂತಿತು.

ಸಣ್ಣರಂಗಯ್ಯ ಮಾತು ಮುರಿಯಲಿಲ್ಲ. ಎಂಬತ್ತಾರರಲ್ಲಿ ನಾಗಲಮಡಿಕೆಯ ಮದುವೆಯೊಂದಕ್ಕೆ ಹೋದಾಗ ದಾಸಣ್ಣನಿಗೆ ನೆಟ್ಟಗೆ ನಡೆಯುವುದೇ ಕಷ್ಟವಾಗಿತ್ತು. ಆದರೂ ದೊಡ್ಡ ಡ್ರಮ್ಮನ್ನು ತಾನೇ ಹೊಟ್ಟೆಗೆ ಒತ್ತಿ ಹಿಡಿದು ಜನಜಂಗುಳಿಯ ನಡುವೆ ಹೆಜ್ಜೆ ಹಾಕಿದ. ಸಣ್ಣರಂಗಯ್ಯ ಕೈಯೊಡ್ಡಲಿಲ್ಲ. ಕ್ಲಾರಿನೆಟ್ ಪೆಟ್ಟಿಗೆಯನ್ನು ಕಂಕುಳಲ್ಲಿ ಅವುಚಿಕೊಂಡು ಅವನ ಮುಂದೆ ಮುಂದೆ ನಡೆಯುತ್ತ ಕೂಗುತ್ತಿದ್ದ:

"ದಾರಿ ಬುಡ್ರಪ್ಪಾ, ದಾರಿ ಬುಡಿ! ಅಣ್ಣನ ಸೊಂಟ ಸರೀಗಿಲ್ಲ!"