ಹುಳು ಸೋಸುವ ಬಟ್ಟೆ

ನಾನು ಕೆಲಸ ಮಾಡುವುದು ಆಳಂದದ ಒಂದು ಸಣ್ಣ ಲ್ಯಾಬಿನಲ್ಲಿ. ತೊಗರಿಯ ಕಾಯಿ ಕೊರೆಯುವ ಹುಳುವಿಗೆ ರೋಗ ತರುವ ವೈರಸ್ಸನ್ನು ಅಲ್ಲಿ ಬೆಳೆಸಿ, ಶುದ್ಧ ಮಾಡಿ, ಬಾಟಲಿಗೆ ತುಂಬುತ್ತೇವೆ. ಮನುಷ್ಯರಿಗೆ ಅದರಿಂದ ಏನೂ ಆಗುವುದಿಲ್ಲ. ಆದರೆ ನಾಲ್ಕು ಜನರೆದುರು ಹೇಳಿಕೊಳ್ಳುವ ಕೆಲಸವಲ್ಲ. ರೋಗ ಬಂದು ಸತ್ತ ಹುಳುಗಳನ್ನು ನೀರಿನಲ್ಲಿ ಕೊಳೆಯಲು ಬಿಡಬೇಕು, ಅರೆಯಬೇಕು, ತೆಳು ಮಲ್ ಬಟ್ಟೆಯಲ್ಲಿ ಸೋಸಬೇಕು. ಸೋಸಿದ್ದನ್ನು ಯಂತ್ರದಲ್ಲಿ ಮೊದಲು ಮೆಲ್ಲಗೆ ತಿರುಗಿಸಿದರೆ ಹುಳುವಿನ ಚೂರುಪಾರು ತಳಕ್ಕೆ ಕೂಡುತ್ತದೆ. ಮೇಲಿನ ನೀರನ್ನು ತೆಗೆದು ಜೋರಾಗಿ ತಿರುಗಿಸಿದರೆ ವೈರಸ್ಸು ಬೂದುಬಿಳಿ ಗಸಿಯಾಗಿ ತಳ ಹಿಡಿಯುತ್ತದೆ. ಆ ಚಿಟಿಕೆ ಗಸಿಗಾಗಿ ಅಷ್ಟೂ ನಾತ ಸಹಿಸಬೇಕು. ಕೂದಲಿಗೆ ಹತ್ತಿದರೆ ಅದು ಸೀಗೆಕಾಯಿಗೂ ಬಗ್ಗುವುದಿಲ್ಲ.

ನಮ್ಮದು ಸರಸಂಬಾದ ಲಿಂಗಾಯತ ಮನೆ. ಅವ್ವ ಇರುವೆಗೂ ಸಕ್ಕರೆ ಹಾಕುವವಳು. ಹಾಗಾಗಿ ಊರಿನಲ್ಲಿ ನಾನು "ಕಂಪ್ಯೂಟರ್ ಮ್ಯಾಲ ಕೂಡಾಕಿ". ಆ ಸುದ್ದಿ ಹಬ್ಬಿಸಿದವನು ಅಪ್ಪ. ಅವನಿಗೆ ಎಲ್ಲ ಗೊತ್ತಿತ್ತು. ಅವ್ವನಿಗೆ ಮಾತ್ರ ಇಬ್ಬರೂ ಹೇಳಿರಲಿಲ್ಲ.

ಯಡ್ರಾಮಿಯ ಗಂಡಿನ ಕಡೆಯವರು ರವಿವಾರ ನನ್ನನ್ನು ನೋಡಲು ಬರುವವರಿದ್ದರು. ಶನಿವಾರ ಲ್ಯಾಬಿನಲ್ಲಿ ನೀರೇ ಬರಲಿಲ್ಲ. ಸೋಸುವ ಬಟ್ಟೆಯನ್ನು ಮನೆಗೆ ತಂದು, ಸೋಪು ಹಾಕಿ ತಿಕ್ಕಿ, ಹಿತ್ತಲಿನ ಹಗ್ಗದ ಮೇಲೆ ಒಣಹಾಕಿದೆ. ಸೋಮವಾರ ಕುದಿಸಿದರಾಯಿತು ಎಂದುಕೊಂಡೆ.

ಬಂದವರು ಮೆಚ್ಚಿಕೊಂಡೇ ಬಂದಂತಿದ್ದರು. ಹುಡುಗ ನನಗೂ ಹಿಡಿಸಿದ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಅಪ್ಪ ಕಂಪ್ಯೂಟರ್ ಪುರಾಣ ಹೇಳಿ ಮುಗಿಸಿದ. ಅವ್ವ ಶ್ರೀಖಂಡದ ಬಟ್ಟಲು ಹಂಚಿದಳು. ನಾನು ನೀರು ತರಲು ಒಳಗೆ ಹೋದೆ. ಒಲೆಯ ಪಕ್ಕದಲ್ಲಿ ಅವ್ವ ಶ್ರೀಖಂಡಕ್ಕೆಂದು ಮೊಸರು ಕಟ್ಟಿ ತೂಗುಹಾಕಿದ್ದ ಬಟ್ಟೆ ಬಿದ್ದಿತ್ತು. ಅಂಚಿಗೆ ಲ್ಯಾಬಿನ ಗುರುತಿಗೆಂದು ನಾನೇ ಹಾಕಿದ ನೀಲಿ ದಾರದ ಹೊಲಿಗೆ.

ನನ್ನ ಹಿಂದೆಯೇ ಬಂದ ಅವ್ವನನ್ನು ಕೇಳಿದೆ, "ಇದನ್ನ ಎಲ್ಲಿಂದ ತಗೊಂಡಿ ಬೇ?"

"ಹಗ್ಗದ ಮ್ಯಾಲಿತ್ತು. ಎಷ್ಟ ತೆಳ್ಳಗ ಐತಿ ನೋಡು, ನೀರೆಲ್ಲ ಬಸದು ಮೊಸರಿನ ಚಕ್ಕಾ ಬೆಣ್ಣಿ ಹಂಗ ಆಗಿತ್ತು. ನಡಿ, ಹೊರಗ ಕಾಯಾಕತ್ತಾರ."

ಸುಮ್ಮನಿದ್ದಿದ್ದರೆ ಯಾರೂ ಸಾಯುತ್ತಿರಲಿಲ್ಲ, ಮದುವೆಯೂ ಆಗುತ್ತಿತ್ತು. ಆದರೆ ಆ ಬಟ್ಟೆಯಿಂದ ಏನೇನು ಇಳಿದಿದೆ ಎಂದು ಬಲ್ಲವಳು ನಾನೊಬ್ಬಳೇ. ಹೊರಗೆ ಓಡಿದೆ. ಹುಡುಗನ ತಾಯಿ ಚಮಚ ಎತ್ತಿದ್ದರು.

"ತಿನ್ನಬ್ಯಾಡ್ರಿ," ಅಂದೆ. "ಮೊಸರು ಕಟ್ಟಿದ್ದು ನಮ್ಮ ಲ್ಯಾಬಿನ ಅರಬಿಯಾಗ್ರಿ. ಅದರಾಗ ಸತ್ತ ಹುಳಾ ಸೋಸ್ತೇವ್ರಿ."

ಚಮಚ ಬಟ್ಟಲಿಗೆ ಇಳಿಯಿತು. ಅವರು ಸೆರಗಿನ ಮೇಲಿಂದಲೇ ಕೊರಳಿನ ಲಿಂಗವನ್ನು ಮುಟ್ಟಿಕೊಂಡರು. ಯಾರೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಬಸ್ಸಿನ ಹೊತ್ತಾತ್ರಿ" ಎಂದು ಎದ್ದರು. ಅವ್ವ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನೆಲ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ಅಪ್ಪ ಅಂಗಳದವರೆಗೆ ಹೋಗಿ ಅವರಿಗೆ ಕೈಮುಗಿದ. "ಆಕಿ ಇಂಥಾ ಹೊಲಸ ಕೆಲಸ ಮಾಡ್ತಾಳ ಅಂತ ನಮಗ ಗೊತ್ತೇ ಇದ್ದಿಲ್ರಿ. ಗೊತ್ತಿದ್ರ ಕಳಸ್ತಿದ್ದಿಲ್ರಿ."

ಒಳಗೆ ಬಂದವನು ನನ್ನ ಮುಖ ನೋಡಲಿಲ್ಲ. ನನ್ನ ನಾಚಿಕೆಯನ್ನು ಹೇಗೋ ನುಂಗಬಹುದಿತ್ತು, ಅವನದನ್ನು ನೋಡಲಾಗಲಿಲ್ಲ.

ಸೋಮವಾರ ಅಪ್ಪ ಎಂದಿನಂತೆ ಬೈಕು ಹೊರಗೆ ತೆಗೆದ. ನನ್ನನ್ನು ಹಿಂದೆ ಕೂರಿಸಿಕೊಂಡು ಲ್ಯಾಬಿನ ಗೇಟಿಗೆ ಬಿಟ್ಟ. ನಾನು ಇಳಿದೆ. ಅವನು ಮುಂದಿನ ರಸ್ತೆಯನ್ನೇ ನೋಡುತ್ತ, "ಬರೂಮುಂದ ಎರಡ ಬಾಟ್ಲಿ ತಗೊಂಡ ಬಾ. ನಮ್ಮ ತೊಗರಿಗಿ ಹುಳಾ ಬಿದ್ದಾವ," ಅಂದ.