ಪ್ಲೈವುಡ್ಡಿನ ಈಚೆ ಚಿಕ್ಕ ಟೈಲರ್

ಐವತ್ತನಾಲ್ಕು ತುಂಬಿ, ತಲೆ ಮುಕ್ಕಾಲು ಬೋಳಾಗಿದ್ದರೂ ಬೀದಿಗೆಲ್ಲ ಅವನು ಚಿಕ್ಕ ಟೈಲರ್. ಪಕ್ಕದ ಮಿಷನ್ನಿನಲ್ಲಿ ಅಣ್ಣ, ಅಂದರೆ ದೊಡ್ಡ ಟೈಲರ್, ಕೂತಿರುವವರೆಗೆ ಇವನು ದೊಡ್ಡವನಾಗುವ ಮಾತೇ ಇರಲಿಲ್ಲ. ಒಂದು ದಿನ ಅಣ್ಣ ಗಿರಾಕಿಯ ಎದುರಿಗೇ, "ಕಾಲರ್ ನಾನೇ ಕೂರಿಸ್ತೀನಿ ಬಿಡಿ, ಇವನ ಕೈಗೆ ಕೊಟ್ರೆ ನಿಮ್ಮ ಕತ್ತೇ ಸೊಟ್ಟ ಕಾಣುತ್ತೆ," ಎಂದುಬಿಟ್ಟ. ಚಿಕ್ಕ ಟೈಲರಿಗೆ ಮೈಯೆಲ್ಲ ಉರಿದುಹೋಯಿತು. ವಾರದೊಳಗೆ ಅಂಗಡಿಯ ನಟ್ಟನಡುವೆ ಪ್ಲೈವುಡ್ ಹೊಡೆಸಿದ. ಮಾತು ಬಂದ್.

"ಇನ್ಮೇಲೆ ಅವನ್ಯಾರೋ ನಾನ್ಯಾರೋ," ಎಂದು ಹೆಂಡತಿಗೆ ಹೇಳಿದ.

ಅಣ್ಣ ಮದುವೆಯಾಗದವನು, ಅವನ ಊಟವೂ ಇವರ ಮನೆಯದೇ. "ಹಾಗಾದ್ರೆ ಊಟದ ಡಬ್ಬಿ ಒಂದೇ ಕಳಿಸ್ಲಾ?" ಎಂದಳು ಅವಳು.

"ಎರಡು ಕಳಿಸು. ಸಿಟ್ಟು ಬೇರೆ, ಊಟ ಬೇರೆ."

ಈಚೆ ಭಾಗಕ್ಕೆ ಬಂದ ಮೊದಲ ಗಿರಾಕಿ ಹೆಡ್‌ಮಾಸ್ತರು. ನಿವೃತ್ತಿಯ ಸನ್ಮಾನಕ್ಕೆ ಕೋಟು ಬೇಕಿತ್ತು. ಚಿಕ್ಕ ಟೈಲರ್ ಹುರುಪಿನಿಂದ ಟೇಪು ಎಳೆದು ಅಳತೆ ಕೂಗಿದ್ದೇ ಕೂಗಿದ್ದು. ಮೂವತ್ತು ವರ್ಷದಿಂದ ಇವನು ಕೂಗುವುದು, ಅಣ್ಣ ಬರೆದುಕೊಳ್ಳುವುದು. ಕೂಗಿದ ಮರುಕ್ಷಣವೇ ಇವನು ಮರೆಯುತ್ತಿದ್ದ. ನೆನಪಿಡುವುದು ಇವನ ಕೆಲಸವೇ ಆಗಿರಲಿಲ್ಲ. ಮಾಸ್ತರು ಶನಿವಾರ ಬರುತ್ತೇನೆಂದು ಪರವೂರಿನ ಬಸ್ಸು ಹತ್ತಿದ ಮೇಲೆ ನೋಡುತ್ತಾನೆ, ಹೊಸ ಪುಸ್ತಕದಲ್ಲಿ ಒಂದು ಅಕ್ಷರವಿಲ್ಲ.

ಎರಡು ದಿನ ಬಟ್ಟೆ ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಅಂದಾಜಿಗೆ ಕತ್ತರಿ ಹಾಕಿದರೆ ಮೊದಲ ಕೋಟಿಗೇ ಹೆಸರು ಕೆಡುತ್ತದೆ. ಅಣ್ಣನನ್ನು ಕೇಳಿದರೆ ಮಾನ ಹೋಗುತ್ತದೆ. ಶುಕ್ರವಾರ ಮಧ್ಯಾಹ್ನ, ಹೆಸರು ಉಳಿಯಲಿ ಎಂದುಕೊಂಡು ಪ್ಲೈವುಡ್ಡಿಗೆ ಮುಖಮಾಡಿ ಕೆಮ್ಮಿದ.

"ಆ ಮಾಸ್ತರ ಎದೆ ಎಷ್ಟು ಅಂತ ಯಾರಿಗಾದ್ರೂ ನೆನಪಿದ್ರೆ ಹೇಳ್ಬಹುದು."

ಆಚೆ ಮಿಷನ್ ನಿಂತಿತು. ಹಾಳೆ ತಿರುವಿದ ಸದ್ದಾಯಿತು.

"ಎದೆ ನಲವತ್ತು. ಹೊಟ್ಟೆ ನಲವತ್ತನಾಲ್ಕು."

ಚಿಕ್ಕ ಟೈಲರಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. "ನನ್ನ ಗಿರಾಕಿ ಅಳತೆ ನೀನ್ಯಾಕಣ್ಣ ಬರ್ಕೊಂಡೆ?"

"ನೀನು ಕೂಗಿದೆ, ನಾನು ಬರ್ಕೊಂಡೆ. ಬೇರೆ ಆಗಿದೀವಿ ಅಂತ ಆಮೇಲೆ ನೆನಪಾಯ್ತು."

ಚಿಕ್ಕ ಟೈಲರ್ ಹೊಸ ಪುಸ್ತಕ ಮುಚ್ಚಿ ಬದಿಗಿಟ್ಟ. ಸ್ಟೂಲಿನ ಮೇಲಿದ್ದ ಬಟ್ಟೆ ತೆಗೆದು ಒಬ್ಬರು ಕೂರುವಷ್ಟು ಜಾಗ ಮಾಡಿದ.

"ಈ ಕಡೆ ಬಂದು ಹೇಳು," ಎಂದ. "ಅಲ್ಲಿಂದ ಸರಿಯಾಗಿ ಕೇಳಿಸ್ತಿಲ್ಲ."