ಶಾಂತವ್ವನ 'ನೋಡೂಣು'

ಇವತ್ತು ಬೆಳಿಗ್ಗೆ ನಮ್ಮ ಸಂಪಿನ ಮೋಟಾರಿನಿಂದ ಸುಟ್ಟ ವಾಸನೆ ಬಂತು. ಈ ವಾಸನೆ ಮೂಗಿಗೆ ಬಡಿದರೆ ಸಾಕು, ನಾವು ಹಿಂದೆ ವಿಜಯಪುರದಲ್ಲಿ ಬಾಡಿಗೆಗಿದ್ದ ಮನೆಯೂ ಅದರ ಒಡತಿ ಶಾಂತವ್ವನೂ ನೆನಪಾಗುತ್ತಾರೆ.

ಹೊನವಾಡದ ಶಾಂತವ್ವ ಕೆಳಗೆ, ನಾವು ಮೇಲೆ. ಏನು ಕೇಳಿದರೂ ಅವರದು ಒಂದೇ ಉತ್ತರ: "ನೋಡೂಣು." ನಮ್ಮ ಕಡೆ ಈ ಮಾತಿನ ಅರ್ಥ ನಿಮಗೆ ಗೊತ್ತೇ ಇದೆ. ಮುಖ ಮುರಿಯದೆ ಇಲ್ಲ ಎನ್ನಲು ಇದಕ್ಕಿಂತ ನಯವಾದ ಮಾತು ಇನ್ನೂ ಹುಟ್ಟಿಲ್ಲ. ಕನ್ಯೆ ಕೇಳಲು ಬಂದವರಿಗೂ ಇದನ್ನೇ ಹೇಳಿ, ಚಹಾ ಕುಡಿಸಿ ಕಳಿಸುತ್ತೇವೆ.

ಅಲ್ಲಿ ಮೋಟಾರು ಸುಟ್ಟಾಗ ನನ್ನ ಹೆಂಡತಿ ಹಸಿ ಬಾಣಂತಿ. ಜೈನಾಪುರದಿಂದ ಬಂದಿದ್ದ ಅತ್ತೆ ನೀರೆರೆಯಲು ಮಗಳಿಗೆ ಎಣ್ಣೆ ಹಚ್ಚಿ ಕೂರಿಸಿದ್ದಾರೆ; ನಳದಲ್ಲಿ ಹನಿ ನೀರಿಲ್ಲ. ಕೂಸು ಬೇರೆ ಅಳುತ್ತಿದೆ. ಇಳಿದು ಹೋಗಿ ಹೇಳಿದೆ. "ನೋಡೂಣು" ಎಂದರು ಶಾಂತವ್ವ. ಮುಗಿಯಿತಲ್ಲ ಎಂದುಕೊಂಡು ವಾಪಸು ಬಂದೆ. ಹೆಂಡತಿಯ ಮುಖ ನೋಡಿದ ಮೇಲೆ ಸಿಟ್ಟು ನೆತ್ತಿಗೇರಿತು. ಬಾಡಿಗೆ ಮನೆಗೆ ನೀರು, ಕರೆಂಟು ತಪ್ಪದಂತೆ ನೋಡಿಕೊಳ್ಳುವುದು ಮಾಲೀಕರ ಹೊಣೆ ಎಂದು ಆಫೀಸಿನಲ್ಲಿ ಯಾರೋ ಹೇಳಿದ್ದರು. ಅದನ್ನೇ ಒಂದು ಭಾಷಣವಾಗಿ ಹೊಸೆದುಕೊಂಡು ಮತ್ತೆ ಮೆಟ್ಟಿಲಿಳಿದೆ.

ಅರ್ಧದಾರಿಯಲ್ಲೇ ಶಾಂತವ್ವ ಎದುರಾದರು. ಮೊಣಕಾಲು ನೋವಿನ ಆ ಹೆಂಗಸು ಹಬೆಯಾಡುವ ಬಕೀಟು ಹಿಡಿದು ಏರಿ ಬರುತ್ತಿದ್ದರು.

"ಕಾನೂನಿನ ಪ್ರಕಾರ..." ಎಂದೆ.

"ಬಾಜೂ ಸರೀರಿ, ಕಾದ ನೀರದಾವು."

"ನೀವು ನೋಡೂಣು ಅಂದಿದ್ರಿ..."

"ಹೂಂ, ಅದಕ್ಕ ನೋಡಾಕ ಹೋಗಿದ್ದೆ. ಮೋಟಾರ ಸುಟ್ಟೈತಿ. ರಿಪೇರಿಯವಗ ಹೇಳಿ ಕಳಿಸೀನಿ. ಬಾಡಿಗಿಗೆ ಬರೇ ಗ್ವಾಡಿ ಕೊಟ್ಟೀನೇನ್ರಿ ನಾ? ನೀರೂ ಕೊಟ್ಟೀನಿ. ಅವ ಬರೂತನಾ ನಮ್ಮ ಹಂಡೇದಾಗಿನ ನೀರು ತಗೋರಿ."

ಬಕೀಟು ಇಸಿದುಕೊಂಡೆ. ಬಚ್ಚಲಲ್ಲಿ ನೀರು ಸುರಿಯುವ ಸದ್ದು ಕೇಳಿ ಎಷ್ಟು ಹಗುರವಾಯಿತೆಂದರೆ, ಭಾಷಣ ಮರೆತೇ ಹೋಯಿತು. ಕೂಸೂ ಮಲಗಿತು. ಶಾಂತವ್ವನ ಬಾಯಲ್ಲಿ ನೋಡೂಣು ಎಂದರೆ ಎದ್ದು ಹೋಗಿ ನೋಡುವುದು, ಅಷ್ಟೇ.

ಈಗ ನಾನೇ ಮಾಲೀಕ. ಮೇಲೆ ಬಾಡಿಗೆಗಿರುವ ನಿಡೋಣಿಯ ಮಾಸ್ತರರು ಬೆಳಿಗ್ಗೆ ಇಳಿದು ಬಂದು, "ನೀರು ಬರವಲ್ವುರಿ ಸರ. ಅವ್ವಗ ಬ್ಯಾರೆ ಆರಾಮಿಲ್ಲ" ಎಂದರು. ವಾಸನೆ ನನಗೂ ಬಂದಿತ್ತು. ಆದರೂ ಬಾಯಿಂದ ಬಂದದ್ದು, "ನೋಡೂಣ್ರಿ." ಅವರ ಮುಖ ಇಳಿಯಿತು. ಆ ಮುಖ ನನಗೆ ಹಳೆಯ ಪರಿಚಯ.

ಚಪ್ಪಲಿ ಮೆಟ್ಟಿಕೊಂಡೆ. "ಅಲ್ಲೇ ಯಾಕ ನಿಂತ್ರಿ? ನಡೀರಿ, ನೋಡೂಣು."